ಉಡಿದಾರ ಬಿಚ್ಚಿಟ್ಟು ತೂಕದ ಮಿಷನ್ ಹತ್ತಿದ್ದು

2009ರ ಸೆಪ್ಟೆಂಬರ್. ಓಹಾಯೋದ ಕೊಲಂಬಸ್‌ನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮಂಗಳವಾರ ರಾತ್ರಿ ಎಂಟಕ್ಕೆ ಎನ್‌ಬಿಸಿ ಚಾನೆಲ್‌ನಲ್ಲಿ ‘ದಿ ಬಿಗ್ಗೆಸ್ಟ್ ಲೂಸರ್’. ನನ್ನ ತೊಡೆ ಮೇಲೆ ಬಿಸಿಬೇಳೆಬಾತ್ ತಟ್ಟೆ. ಪಕ್ಕದಲ್ಲಿ ಕಾಸ್ಟ್‌ಕೋದಿಂದ ತಂದ ಚಿಪ್ಸ್ ಪ್ಯಾಕೆಟ್, ದಿಂಬಿನಷ್ಟು ದೊಡ್ಡದು.

ಅವತ್ತು 8ನೇ ಸೀಸನ್ನಿನ ಮೊದಲ ಕಂತು. ಬಂದ ದಿನವೇ ಎಲ್ಲರನ್ನೂ ಸಮುದ್ರದ ದಡದಲ್ಲಿ ಒಂದು ಮೈಲಿ ಓಡಿಸಿದರು. ಒಬ್ಬ ಹೆಂಗಸು ಓಡುತ್ತಾ ಓಡುತ್ತಾ ಮರಳಿನ ಮೇಲೆ ಕುಸಿದಳು. ಕೊನೆಗೆ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು.

“ಒಂದು ಮೈಲಿ ಓಡಕ್ಕಾಗಲ್ವಾ? ಸುಮ್ನೆ ನಾಟಕ” ಅಂದೆ ನಾನು, ಬಾಯಲ್ಲಿ ಚಿಪ್ಸ್ ಇಟ್ಟುಕೊಂಡೇ.

“ರೀ, ನೀವು ಕೊನೇ ಸಲ ಓಡಿದ್ದು ಯಾವಾಗ?” ಅಂದಳು ಹೆಂಡತಿ.

ಯೋಚಿಸಿ ನೋಡಿದರೆ ದಾವಣಗೆರೆ ಸ್ಟೇಷನ್‌ನಲ್ಲಿ, ರೈಲು ಹಿಡಿಯಕ್ಕೆ. ಅದಾಗಿ ಹತ್ತು ವರ್ಷದ ಮೇಲಾಗಿತ್ತು.

ಆಗ ನನ್ನ ತೂಕ 96 ಕಿಲೋ. ಎತ್ತರ ಐದಡಿ ಏಳಿಂಚು. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ, ಲೆಕ್ಕ ಹಾಕಿದರೆ 33. ನಮ್ಮ ಕಡೆಯವರಿಗೆ 25 ದಾಟಿದರೇ ಬೊಜ್ಜು ಅಂತ ಡಾಕ್ಟರುಗಳು ಹೇಳುತ್ತಾರೆ. ಆದರೂ ನನ್ನ ಲೆಕ್ಕದಲ್ಲಿ ದಪ್ಪ ಇರುವವರು ಟಿವಿಯೊಳಗೆ ಇದ್ದರು. ನನಗೆ ‘ಸ್ವಲ್ಪ ಹೊಟ್ಟೆ ಬಂದಿತ್ತು’, ಅಷ್ಟೇ.

ನೋಡದೇ ಇದ್ದವರಿಗೆ ಆ ಆಟ ಹೇಗಿತ್ತು ಅಂತ ಹೇಳಿಬಿಡುತ್ತೇನೆ. 2004ರಲ್ಲಿ ಶುರುವಾಗಿದ್ದು. ತುಂಬಾ ದಪ್ಪ ಇರುವವರನ್ನು ಕ್ಯಾಲಿಫೋರ್ನಿಯಾದ ಒಂದು ತೋಟದ ಬಂಗಲೆಗೆ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ಇಡುತ್ತಿದ್ದರು. ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ, ಕಡಿಮೆ ಊಟ. ಬಾಬ್ ಹಾರ್ಪರ್, ಜಿಲಿಯನ್ ಮೈಕಲ್ಸ್ ಅಂತ ಇಬ್ಬರು ತರಬೇತುದಾರರು. ಜಿಲಿಯನ್ ಅಂತೂ ಟ್ರೆಡ್‌ಮಿಲ್ ಪಕ್ಕ ನಿಂತು ಮುಖಕ್ಕೆ ಮುಖ ಕೊಟ್ಟು ಕಿರುಚುತ್ತಿದ್ದಳು. ವಾರಕ್ಕೊಮ್ಮೆ ಎಲ್ಲರೂ ಆಳೆತ್ತರದ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಗಂಡಸರು ಅಂಗಿ ಬಿಚ್ಚಿ, ಹೆಂಗಸರು ಬರೀ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡು. ಹಿಂದೆ ದೊಡ್ಡ ಪರದೆ ಮೇಲೆ ಅಂಕಿಗಳು ಮೇಲೆ ಕೆಳಗೆ ಓಡುತ್ತವೆ. ಡಬಡಬ ಅಂತ ಸಂಗೀತ. ಅಂಕಿ ನಿಲ್ಲುವ ಹೊತ್ತಿಗೆ ಸರಿಯಾಗಿ ಜಾಹೀರಾತು! ಕಡಿಮೆ ಇಳಿದವರು ಹಳದಿ ಗೆರೆಯ ಕೆಳಗೆ ಬೀಳುತ್ತಿದ್ದರು. ಅವರಲ್ಲೊಬ್ಬರನ್ನು ಉಳಿದವರು ವೋಟು ಹಾಕಿ ಮನೆಗೆ ಕಳಿಸಬೇಕು. ಗೆದ್ದವರಿಗೆ 2,50,000 ಡಾಲರ್.

ಆಗಾಗ ‘ಆಸೆ ತೋರಿಸುವ’ ಸುತ್ತು ಅಂತ ಒಂದು. ಕೋಣೆ ತುಂಬಾ ಪಿಜ್ಜಾ, ಡೋನಟ್, ಕೇಕು ಜೋಡಿಸಿ ಅವರನ್ನು ಒಳಗೆ ಬಿಡುತ್ತಿದ್ದರು. ಯಾರು ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತ ನಾವು ಕಾದು ನೋಡಬೇಕು. ನಾನು ಕಾದು ನೋಡುತ್ತಿದ್ದೆ. ತಿಂದರೆ “ನೋಡು, ಹೇಳಿರಲಿಲ್ವಾ” ಅನ್ನುತ್ತಿದ್ದೆ. ತಿನ್ನದಿದ್ದರೆ “ಕ್ಯಾಮೆರಾ ಇದೆ ಅಂತ ಸುಮ್ನಿದಾನೆ” ಅನ್ನುತ್ತಿದ್ದೆ. ನನ್ನ ಕೋರ್ಟಿನಲ್ಲಿ ಯಾರಿಗೂ ಬಿಡುಗಡೆ ಇರಲಿಲ್ಲ.

ಅಮ್ಮ ಫೋನ್ ಮಾಡಿದಾಗ ಹಿಂದೆ ಟಿವಿ ಸದ್ದು ಕೇಳಿ ಏನೋ ಅದು ಅಂದಳು. ದಪ್ಪ ಇರೋರು ತೂಕ ಇಳಿಸೋ ಸ್ಪರ್ಧೆ, ಬಿಗ್ಗೆಸ್ಟ್ ಲೂಸರ್ ಅಂದೆ. “ಪಾಪ, ದಪ್ಪ ಇದ್ದರೆ ಲೂಸು ಅಂತಾರೇನೋ?” ಅಂದಳು. ಅದು ಆ ಲೂಸಲ್ಲಮ್ಮ, ಕಳಕೊಳ್ಳೋರು ಅಂತ ಅರ್ಥ ಅಂತ ಬಿಡಿಸಿ ಹೇಳಿದೆ. ಆಮೇಲೆ ಯೋಚನೆ ಮಾಡಿದರೆ ಅಮ್ಮ ಹೇಳಿದ್ದೇ ಹತ್ತಿರ ಇತ್ತು. ಇಂಗ್ಲಿಷಿನಲ್ಲೂ ಆ ಪದ ಬೈಗುಳವೇ. ಹೆಸರಿಟ್ಟವರಿಗೂ ಅದು ಗೊತ್ತಿಲ್ಲದೆ ಏನಿಲ್ಲ. ಅಂದಹಾಗೆ ಇದರ ಹಿಂದಿ ಅವತಾರವೂ ಸಹಾರಾ ಒನ್‌ನಲ್ಲಿ ಬಂದಿತ್ತು. ನಡೆಸಿಕೊಟ್ಟಿದ್ದು ನಮ್ಮ ಮುಲ್ಕಿಯ ಸುನೀಲ್ ಶೆಟ್ಟಿ.

ಆ ಡಿಸೆಂಬರ್‌ನಲ್ಲಿ ಓಕ್ಲಹೋಮಾದ ಡ್ಯಾನಿ ಕೇಹಿಲ್ ಗೆದ್ದ. 430 ಪೌಂಡ್ ಇದ್ದವನು 191ಕ್ಕೆ ಬಂದಿದ್ದ. ಅಂದರೆ 195 ಕಿಲೋದಿಂದ ಸುಮಾರು 87 ಕಿಲೋಗೆ. ಬಣ್ಣದ ಕಾಗದಗಳು ಉದುರುತ್ತಿದ್ದವು, ಅವನು ಕುಣಿಯುತ್ತಿದ್ದ. ನನಗೂ ಕಣ್ಣು ತುಂಬಿ ಬಂತು. ಮನಸ್ಸು ಮಾಡಿದರೆ ಆಗುತ್ತೆ ನೋಡು ಅಂದೆ. ಹೆಂಡತಿ ಮಾತಾಡಲಿಲ್ಲ. ಮಗಳಿಗೆ ಆಗ ಒಂದೂವರೆ ವರ್ಷ. ಹೆರಿಗೆ ಆದ ಮೇಲೆ ಅವಳ ಮೈಯೂ ತುಂಬಿತ್ತು. ನಾನು ಟಿವಿಯೊಳಗಿನ ಹೆಂಗಸರ ತೋಳು, ಸೊಂಟದ ಬಗ್ಗೆ ಕಾಮೆಂಟರಿ ಕೊಡುತ್ತಿದ್ದಾಗ ಅವಳು ಅಲ್ಲೇ ಕೂತು ಬಟ್ಟೆ ಮಡಿಸುತ್ತಿರುತ್ತಿದ್ದಳು. ಯಾವ ವಾರದಿಂದ ಬೇರೆ ರೂಮಿಗೆ ಹೋಗಿ ಮಡಿಸಲು ಶುರುಮಾಡಿದಳೋ, ನನಗೆ ನೆನಪೇ ಇಲ್ಲ.

2010ರ ಜನವರಿ ಮೊದಲ ವಾರ ಆಫೀಸಿನಲ್ಲಿ ಒಂದು ಈಮೇಲ್ ಬಂತು. ನಾವೂ ಬಿಗ್ಗೆಸ್ಟ್ ಲೂಸರ್ ಮಾಡೋಣ, 12 ವಾರ, ತಲೆಗೆ 20 ಡಾಲರ್. ಆಗ ಅಮೆರಿಕದ ಆಫೀಸುಗಳಲ್ಲಿ ಇದೊಂದು ಹುಚ್ಚು. ನಾವು 14 ಜನ ಸೇರಿದೆವು. ಒಟ್ಟು 280 ಡಾಲರ್. ಮೊದಲನೆಯವರಿಗೆ 200, ಎರಡನೆಯವರಿಗೆ 80. ಟಿವಿಯಲ್ಲಿದ್ದ ಹಾಗೇ ಎಷ್ಟು ಪೌಂಡ್ ಅಂತಲ್ಲ, ತೂಕದಲ್ಲಿ ಶೇಕಡಾ ಎಷ್ಟು ಇಳೀತು ಅನ್ನುವ ಲೆಕ್ಕ. ಆರಾಮಾಗಿ ಗೆಲ್ಲಬಹುದು ಅನ್ನಿಸಿತು. ಮೂರು ತಿಂಗಳ ಟಿವಿ ನೋಡಿ ನಾನು ಅರ್ಧ ಜಿಲಿಯನ್ ಆಗಿದ್ದೆ!

ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೂಕ. ಜಾಗ ಸಣ್ಣ ಕಾನ್ಫರೆನ್ಸ್ ರೂಮು. ಎಚ್ಆರ್‌ನ ಹೆಂಗಸು ಲ್ಯಾಪ್‌ಟಾಪ್ ತೆಗೆದು ಕೂತಿರುತ್ತಿದ್ದರು. ಅವರು ಒಳ್ಳೆಯವರೇ. ಆದರೆ ನೆಲದ ಮೇಲಿದ್ದ ಆ ಗಾಜಿನ ಮಿಷನ್, ಹಿಂದೆ ಸಾಲಿನಲ್ಲಿ ನಿಂತ ಹದಿಮೂರು ಜನ, ಅಂಕಿಯನ್ನು ಗಟ್ಟಿಯಾಗಿ ಓದುವುದು, ಇವು ಸೇರಿದರೆ ಒಳ್ಳೆಯವರಿದ್ದರೂ ಅಷ್ಟೇ.

ಮೊದಲ ಸೋಮವಾರ ನಾನು ಬೂಟು ಬಿಚ್ಚಿದೆ. ಬೆಲ್ಟು ಬಿಚ್ಚಿದೆ. ಪರ್ಸು, ಫೋನು, ಕಾರಿನ ಕೀ ಟೇಬಲ್ ಮೇಲಿಟ್ಟೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಏರ್‌ಪೋರ್ಟಿನ ಚೆಕಿಂಗ್ ಇದ್ದ ಹಾಗೆ. ಮಿಷನ್ ಹತ್ತಿದೆ. 212 ಪೌಂಡ್. ಅವರು ಓದಿದರು, ಯಾರೋ ಹಿಂದಿನಿಂದ ಸಿಳ್ಳೆ ಹಾಕಿದರು. ತಮಾಷೆಗೇ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಮೂರು ವರ್ಷದಿಂದ ಜೊತೆಗೆ ಕೆಲಸ ಮಾಡಿದವರು. ನನ್ನ ಸಂಬಳ ಅವರಿಗೆ ಗೊತ್ತಿರಲಿಲ್ಲ, ಈಗ ನನ್ನ ತೂಕ ಗೊತ್ತಾಗಿತ್ತು. ಸಂಬಳವನ್ನೇ ಹೇಳಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಸಂಜೆ ಜಿಮ್ಮಿಗೆ ಹೋಗಿ ಮೊದಲು ಆ ಒಂದು ಮೈಲಿ ಓಡೋಣ ಅಂತ ಟ್ರೆಡ್‌ಮಿಲ್ ಹತ್ತಿದೆ. 0.6 ಮೈಲಿಗೆ ನಿಂತೆ. ಎದೆ ಬಡಿತ ಹಲ್ಲಿನಲ್ಲಿ ಕೇಳಿಸುತ್ತಿತ್ತು. ಕಂಬಿ ಹಿಡಿದು ಬಗ್ಗಿ ನಿಂತಾಗ ಆ ಮರಳಿನ ಮೇಲೆ ಬಿದ್ದವಳು ನೆನಪಾದಳು. ಹೆಚ್ಚು ಹೊತ್ತಲ್ಲ. ನೀರು ಕುಡಿದು ಮರೆತೆ.

ಊಟ ಅರ್ಧಕ್ಕೂ ಕಮ್ಮಿ ಮಾಡಿದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಸೊಪ್ಪು ಸೌತೆಕಾಯಿ, ರಾತ್ರಿ ಒಂದು ಚಪಾತಿ. ಮೊದಲ ವಾರ 9 ಪೌಂಡ್ ಇಳಿಯಿತು. ಹೆಚ್ಚು ಕಮ್ಮಿ ಬರೀ ನೀರು ಅದು. ಆದರೂ ಚಪ್ಪಾಳೆ. ಎರಡನೇ ವಾರ ಅಷ್ಟೇ ತಿಂದು, ಅಷ್ಟೇ ಬೆವರು ಸುರಿಸಿ ಹೋದರೆ ಇಳಿದಿದ್ದು ಒಂದೇ ಪೌಂಡ್. “ವೀಕೆಂಡ್ ಜೋರಾಗಿತ್ತಾ?” ಅಂದ ಪಕ್ಕದ ಟೀಮಿನವನು. ಇಲ್ಲಪ್ಪ, ನಾನು ಏನೂ ತಿಂದಿಲ್ಲ ಅಂದೆ. ಯಾರೂ ನಂಬಲಿಲ್ಲ. ಅವರು ನಂಬಲಿಲ್ಲ ಅನ್ನುವುದು ಅವರ ಮುಖದಲ್ಲೇ ಗೊತ್ತಾಯಿತು. ಯಾಕಂದರೆ ಅದು ಸೋಫಾದ ಮೇಲೆ ನಾನು ಮಾಡುತ್ತಿದ್ದ ಮುಖವೇ.

ನಾಲ್ಕನೇ ವಾರದ ಹೊತ್ತಿಗೆ ಇಡೀ ಮಹಡಿಯೇ ನನ್ನ ತರಬೇತುದಾರ. ಡಬ್ಬಿಯಲ್ಲಿ ಒಂದು ಹಿಡಿ ಚಿತ್ರಾನ್ನ ಕಂಡರೆ “ಇದು ತಿನ್ನಬಹುದಾ ನೀನು?” ಬರ್ತ್‌ಡೇ ಕೇಕ್ ತಟ್ಟೆ ಹಿಡಿದರೆ “ಓಹೋ!” ಹಿಡಿಯದಿದ್ದರೆ “ಒಂದು ತುಂಡು ತಿಂದರೆ ಸಾಯಲ್ಲ.” ಸ್ಪರ್ಧೆಗೆ ಸೇರದವರು, ಯಾವತ್ತೂ ಮಾತಾಡಿಸದವರು ಲಿಫ್ಟ್‌ನಲ್ಲಿ ನನ್ನ ಹೊಟ್ಟೆ ನೋಡಿ ಈ ವಾರ ಹೇಗೆ ಅಂತ ಕೇಳುತ್ತಿದ್ದರು. ಕಣ್ಣು ನೋಡಿ ಕೇಳುತ್ತಿರಲಿಲ್ಲ, ಹೊಟ್ಟೆ ನೋಡಿ.

ಈಗ ಉಡಿದಾರದ ಕಥೆಗೆ ಬರುತ್ತೇನೆ. ನಮ್ಮ ಕಡೆ ಗಂಡು ಹುಡುಗರ ಸೊಂಟಕ್ಕೆ ಬೆಳ್ಳಿ ಉಡಿದಾರ ಹಾಕುತ್ತಾರೆ. ನನ್ನದು ಅಮ್ಮ ಮದುವೆಗೆ ಮುಂಚೆ ಹೊಸದಾಗಿ ಮಾಡಿಸಿದ್ದು. ಬೆಳೆಯೋ ಮೈ ಅಂತ ಅಕ್ಕಸಾಲಿಗರ ಹತ್ತಿರ ಹೇಳಿ ಆರೇಳು ಕೊಂಡಿ ಜಾಸ್ತಿಯೇ ಬಿಡಿಸಿದ್ದಳು. ಮದುವೆಯಲ್ಲಿ ಆ ಕೊಂಡಿಗಳು ಹೊಕ್ಕುಳ ಕೆಳಗೆ ಜೋತಾಡುತ್ತಿದ್ದವು. 2010ರ ಹೊತ್ತಿಗೆ ಕೊಕ್ಕೆ ಕೊನೇ ಕೊಂಡಿಗೆ ಬಂದಿತ್ತು. ಬಿಚ್ಚಿದರೆ ಸೊಂಟದಲ್ಲಿ ಕೆಂಪಗೆ ಹಗ್ಗದ ಗುರುತು. ನಾನು ದಪ್ಪ ಆಗಿದ್ದನ್ನು ಒಂದೊಂದೇ ಕೊಂಡಿಯಾಗಿ ಅದು ಬರೆದಿಟ್ಟಿತ್ತು, ನಾನು ಓದಿರಲಿಲ್ಲ.

ಆರನೇ ಸೋಮವಾರ ಬೆಳಿಗ್ಗೆ ಅದನ್ನು ಬಿಚ್ಚಿ ಸೋಪಿನ ಡಬ್ಬಿ ಪಕ್ಕ ಇಟ್ಟೆ. ನೂರು ಗ್ರಾಂ ಕೂಡ ಇರಲಿಕ್ಕಿಲ್ಲ. ಅಷ್ಟಾದರೂ ಸಿಗಲಿ ಅಂತ. ಅಷ್ಟು ಹೊತ್ತಿಗೆ ಈ ಬುದ್ಧಿ ಬಂದುಬಿಟ್ಟಿತ್ತು. ಭಾನುವಾರ ಮಧ್ಯಾಹ್ನದಿಂದ ನೀರು ಬಂದ್. ಉಪ್ಪು ಬಂದ್. ಬಾಯಿ ಒಣಗಿದರೆ ಬಾಯಿ ಮುಕ್ಕಳಿಸಿ ಉಗಿಯುವುದು. ಸೋಮವಾರ ತೂಕ ಆದ ಕೂಡಲೇ ಕಾರಿಡಾರಿಗೆ ಓಡಿ ಮೂರು ಲೋಟ ನೀರು ಗಟಗಟ ಕುಡಿಯುತ್ತಿದ್ದೆ. ಮೊದಲನೇ ಸ್ಥಾನದಲ್ಲಿದ್ದ ನಮ್ಮ ಟೆಸ್ಟಿಂಗ್ ಟೀಮಿನವನು ಕಸದ ಚೀಲಕ್ಕೆ ತೂತು ಮಾಡಿ ಅಂಗಿಯೊಳಗೆ ಹಾಕಿಕೊಂಡು ಸೌನಾ ಅನ್ನುವ ಬಿಸಿ ಕೋಣೆಯಲ್ಲಿ ಕೂರುತ್ತಿದ್ದ. ನಾನೇನು ಕಮ್ಮಿ? ತಲೆಕೂದಲೂ ಕತ್ತರಿಸಿಕೊಂಡೆ.

ಟಿವಿಯ ಸ್ಪರ್ಧಿಗಳೂ ಇಂಥವನ್ನು ಮಾಡುತ್ತಿದ್ದರು, ಪರದೆ ಮೇಲೆ ‘ಒಂದು ವಾರ’ ಅಂತ ತೋರಿಸಿದ್ದು ಎಷ್ಟೋ ಸಲ ಒಂದು ವಾರ ಆಗಿರುತ್ತಿರಲಿಲ್ಲ ಅಂತ ಅವರಲ್ಲೇ ಕೆಲವರು ಆಮೇಲೆ ಹೇಳಿಕೊಂಡಿದ್ದಾರೆ. ನಾವು ಮನೆಯಲ್ಲಿ ಕೂತು ವಾರಕ್ಕೆ 15 ಪೌಂಡ್ ಆಗುತ್ತೆ ಅಂತ ನಂಬಿ ಒಂದು ಪೌಂಡ್ ಇಳಿಸಿದವನ ಮೇಲೆ ಸಂಶಯ ಪಡುತ್ತಿದ್ದೆವು.

ಉಡಿದಾರ ಮೂರು ದಿನ ಬಾತ್‌ರೂಮಿನಲ್ಲೇ ಇತ್ತು. ಹೆಂಡತಿ ಎತ್ತಿಕೊಂಡು ಬಂದಳು.

“ಇದನ್ನೂ ಬಿಚ್ಚಿದ್ರಾ? ಅತ್ತೆಗೆ ಗೊತ್ತಾದರೆ?”

“ತೂಕ ಕಣೆ.”

“ಮುಂದಿನ ವಾರ ಹಲ್ಲು ಕೀಳಿಸ್ಕೊಳ್ಳಿ” ಅಂದು ಬೀರುವಿನಲ್ಲಿಟ್ಟಳು.

ಯುಗಾದಿ ಮಾರ್ಚ್ ಮಧ್ಯಕ್ಕೆ ಬಂತು. ಕನ್ನಡ ಸಂಘದವರ ಕಾರ್ಯಕ್ರಮ ಒಂದು ಶಾಲೆಯ ಹಾಲ್‌ನಲ್ಲಿ. ಬಾಳೆ ಎಲೆ ಡಿಸೈನಿನ ಪೇಪರ್ ತಟ್ಟೆ, ಒಬ್ಬಟ್ಟು, ಮೇಲೆ ತುಪ್ಪ. ನನ್ನ ಪಾಲಿಗೆ ಅದೇ ಆಸೆ ತೋರಿಸುವ ಸುತ್ತು. ಬೇಡ ಅಂದೆ. ಬಡಿಸುತ್ತಿದ್ದ ಹಿರಿಯರು ಸೌಟು ಹಿಡಿದು ಅಲ್ಲೇ ನಿಂತರು. “ಹಬ್ಬದ ದಿನ ಬೇಡ ಅನ್ನಬಾರದು ಕಣಪ್ಪ” ಅಂತ ಹಾಕಿಯೇಬಿಟ್ಟರು. ಸಾಲಿನಲ್ಲಿ ನನ್ನ ಹಿಂದಿದ್ದವರು ನನ್ನ ಹೆಂಡತಿಗೆ ನಗುನಗುತ್ತಾ ಅಂದರು, “ಅವರು ಇಳಿಸ್ತಿದಾರೆ, ನೀವು ಯಾವಾಗ ಶುರು ಮಾಡೋದು?”

ಅವಳು ನಕ್ಕಳು. ಎರಡು ಒಬ್ಬಟ್ಟು ಹಾಕಿಸಿಕೊಂಡು ಹೋಗಿ ಕೂತು ಪೂರ್ತಿ ತಿಂದಳು. ಮನೆಗೆ ಹೋಗುವಾಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ನಾನು ಅವತ್ತು ರಾತ್ರಿ ಆ ಒಂದು ಒಬ್ಬಟ್ಟಿಗಾಗಿ ಮೂಳೆ ಕೊರೆಯುವ ಚಳಿಯಲ್ಲಿ ಅಪಾರ್ಟ್‌ಮೆಂಟ್ ಸುತ್ತ ಒಂದು ಗಂಟೆ ನಡೆದೆ. ಅವಳ ಬಗ್ಗೆ ಯೋಚಿಸುತ್ತಾ ನಡೆದೆ ಅಂತ ಬರೆಯಬೇಕು ಅನ್ನಿಸುತ್ತೆ. ನಿಜ ಹೇಳಬೇಕಂದರೆ ಶೇಕಡಾ ಲೆಕ್ಕ ಹಾಕುತ್ತಾ ನಡೆದೆ.

ಹನ್ನೆರಡನೇ ವಾರ 182 ಪೌಂಡ್. 30 ಇಳಿದಿತ್ತು. ಶೇಕಡಾ 14 ಚಿಲ್ಲರೆ. ಎರಡನೇ ಸ್ಥಾನ. ಆ 80 ಡಾಲರ್ ತೆಗೆದುಕೊಂಡು ನಾಲ್ಕು ಜನ ಗೆಳೆಯರ ಜೊತೆ ಇಂಡಿಯನ್ ಬಫೆಗೆ ಹೋದೆ. ಏನೇನು ತಿಂದೆ ಅಂತ ಕೇಳಬೇಡಿ.

ಮೇ ತಿಂಗಳಲ್ಲಿ ಊರಿಗೆ ಹೋದೆವು. ಎಲ್ಲರೂ ಭಲೇ ಅನ್ನುತ್ತಾರೆ ಅಂತ ಹೊಸ ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಅಮ್ಮ ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದಳು. “ಯಾಕೋ ಹಿಂಗೆ ಸೊರಗೀಯ? ಹುಷಾರಿಲ್ವೇನೋ?” ಮಾವ ಗುಟ್ಟಾಗಿ ಪಕ್ಕಕ್ಕೆ ಕರೆದು “ಶುಗರ್ ಬಂತೇನಪ್ಪ?” ಅಂದರು. ಎದುರು ಮನೆಯ ಅಜ್ಜಿ ಸೀದಾ ನನ್ನ ಹೆಂಡತಿಗೇ ಹಾಕಿದರು, “ಅಲ್ಲಮ್ಮ, ಗಂಡಗೆ ಹೊಟ್ಟೆ ತುಂಬ ಊಟ ಹಾಕಲ್ವೇನು? ನೀ ಮಾತ್ರ ಚೆನ್ನಾಗಾಗಿದಿ!” ಒಂದೇ ಮಾತಿನಲ್ಲಿ ಇಬ್ಬರೂ ಔಟ್. ಬೆಣ್ಣೆದೋಸೆ ಅಂಗಡಿಯಲ್ಲಿ ಒಂದೇ ಸಾಕು ಅಂದಿದ್ದಕ್ಕೆ ಹಳೇ ದೋಸ್ತ “ಅಮೆರಿಕದೋನಾಗಿಬಿಟ್ಯಲ್ಲೋ” ಅಂದ.

ನಾಲ್ಕು ವರ್ಷ ಆದ ಮೇಲೆ, 2014ರ ಫೆಬ್ರವರಿಯಲ್ಲಿ, ಅದೇ ಟಿವಿ ಆಟದಲ್ಲಿ ರೇಚಲ್ ಫ್ರೆಡರಿಕ್ಸನ್ ಅನ್ನುವ ಹುಡುಗಿ ಗೆದ್ದಾಗ ನನಗೆ ಎದುರು ಮನೆ ಅಜ್ಜಿ ನೆನಪಾದರು. 260 ಪೌಂಡ್ ಇದ್ದವಳು 105ಕ್ಕೆ ಇಳಿದಿದ್ದಳು. ವೇದಿಕೆಗೆ ಬಂದಾಗ ತರಬೇತುದಾರರೇ ಬಾಯಿ ತೆರೆದು ನಿಂತರು, ಅದು ಕ್ಯಾಮೆರಾದಲ್ಲಿ ಹಾಗೇ ಬಂತು. ಮರುದಿನದಿಂದ ಇಡೀ ದೇಶವೇ ಡಾಕ್ಟರ್. ತೀರಾ ಸಣಕಲಾದಳು, ಇವಳಿಗೇನೋ ಕಾಯಿಲೆ, ಇದು ಅತಿಯಾಯ್ತು ಅಂತ. ಎಷ್ಟು ಜಾಸ್ತಿ ಇಳಿಸಿದರೆ ಅಷ್ಟು ದುಡ್ಡು ಅಂತ ಆಟ ಇಟ್ಟವರನ್ನು ಬಿಟ್ಟು ಆಡಿದವಳನ್ನು ಹಿಡಿದುಕೊಂಡರು.

ಅಷ್ಟರಲ್ಲಿ ನನ್ನ ತೂಕ ವಾಪಸ್ ಬಂದಾಗಿತ್ತು. ಒಂದೇ ದಿನ ಬರಲಿಲ್ಲ. ಮೊದಲ ವರ್ಷ ಹತ್ತು ಪೌಂಡ್, ಆಮೇಲೆ ಐದೈದು. ಒಂದು ವಿಷಯ ಮಾತ್ರ ವಿಚಿತ್ರ ಅನ್ನಿಸುತ್ತಿತ್ತು. ಮೊದಲು ನನಗೆ ಊಟದ ಹೊತ್ತಿಗೆ ಹಸಿವಾಗುತ್ತಿತ್ತು. ಈಗ ಊಟ ಮಾಡಿ ಕೈ ತೊಳೆಯುವಾಗಲೇ ಹಸಿವು. ಬಾಯಿ ಚಪಲ ಅಂತ ನನ್ನನ್ನು ನಾನೇ ಬೈದುಕೊಂಡೆ. ಬೇರೆಯವರಿಗೆ ಹೇಳಿಕೊಳ್ಳುವ ಧೈರ್ಯ ಇರಲಿಲ್ಲ.

2016ರ ಮೇ ತಿಂಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು ನಾನು ನೋಡುತ್ತಿದ್ದ ಅದೇ 8ನೇ ಸೀಸನ್ನಿನ 14 ಸ್ಪರ್ಧಿಗಳನ್ನು ಆರು ವರ್ಷ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿದ್ದರು. 14ರಲ್ಲಿ 13 ಜನಕ್ಕೆ ತೂಕ ಮರಳಿ ಬಂದಿತ್ತು. ನಾಲ್ಕು ಜನ ಆಟಕ್ಕೆ ಬರುವ ಮುಂಚೆ ಇದ್ದದ್ದಕ್ಕಿಂತಲೂ ಜಾಸ್ತಿ. ಸರಾಸರಿ 149 ಕಿಲೋ ಇದ್ದವರು 91ಕ್ಕೆ ಇಳಿದು ಮತ್ತೆ 132ಕ್ಕೆ ಹತ್ತಿದ್ದರು. ನನ್ನನ್ನು ಹಿಡಿದು ಕೂರಿಸಿದ್ದು ಅದಲ್ಲ. ಅವರ ಮೈ, ಸುಮ್ಮನೆ ಕೂತಿದ್ದಾಗ, ಅಷ್ಟೇ ತೂಕದ ಬೇರೆಯವರ ಮೈ ಖರ್ಚು ಮಾಡುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿ ಖರ್ಚು ಮಾಡುತ್ತಿತ್ತು. ಆರು ವರ್ಷ ಕಳೆದರೂ, ತೂಕ ವಾಪಸ್ ಬಂದ ಮೇಲೂ. 500 ಅಂದರೆ ಹೆಚ್ಚು ಕಮ್ಮಿ ಒಂದು ಹೊತ್ತಿನ ಊಟ. ಬರಗಾಲ ಬಂತು ಅಂತ ಮೈ ಖರ್ಚು ಬಿಗಿ ಮಾಡಿಕೊಂಡಿತ್ತು, ಮಳೆ ಬಂದರೂ ನಂಬುತ್ತಿರಲಿಲ್ಲ. ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುವ ಲೆಪ್ಟಿನ್ ಅನ್ನುವ ಹಾರ್ಮೋನು ಆಟ ಮುಗಿಯುವ ಹೊತ್ತಿಗೆ ತಳ ಸೇರಿತ್ತು, ಆಮೇಲೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಡ್ಯಾನಿ ಕೇಹಿಲ್‌ಗೂ ನೂರು ಪೌಂಡ್‌ಗಿಂತ ಜಾಸ್ತಿ ವಾಪಸ್ ಬಂದಿತ್ತು. ಬಣ್ಣದ ಕಾಗದ ಉದುರುವಾಗ ಮನಸ್ಸು ಮಾಡಿದರೆ ಆಗುತ್ತೆ ಅಂದಿದ್ದೆನಲ್ಲ. ಅವನು ಮನಸ್ಸು ಮಾಡುವುದನ್ನು ಬಿಟ್ಟಿರಲಿಲ್ಲ.

ನನ್ನ ಮೈಯನ್ನು ಯಾವ ವಿಜ್ಞಾನಿಯೂ ಅಳೆದಿಲ್ಲ. ನಾನು ಇಳಿಸಿದ್ದು 30 ಪೌಂಡ್, ಅವರದ್ದು ನೂರು ಇನ್ನೂರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಕ್ಕಾಗಲ್ಲ. ಆದರೂ ಆ ಪೇಪರನ್ನು ಮಡಿಸಿ ಹೆಂಡತಿಗೆ ಕೊಟ್ಟೆ. ಓದಿ ವಾಪಸ್ ಕೊಡುತ್ತಾ ಅಂದಳು, “ಅವತ್ತು ಬೀಚಲ್ಲಿ ಬಿದ್ದಳಲ್ಲ, ಅವಳಿಗೆ ನಾಟಕ ಅಂದಿದ್ರಿ.” ಏಳು ವರ್ಷ ಆಗಿತ್ತು. ಅವಳಿಗೆ ಆ ಮಾತು ಹಾಗೇ ನೆನಪಿತ್ತು.

ಬಿದ್ದವಳಿಗೆ ನಿಜವಾಗಿ ಏನಾಗಿತ್ತು ಅಂತ ನನಗೆ ಪೂರ್ತಿ ಗೊತ್ತಾಗಿದ್ದು 2025ರ ಆಗಸ್ಟ್‌ನಲ್ಲಿ, ನೆಟ್‌ಫ್ಲಿಕ್ಸ್ ಆ ಕಾರ್ಯಕ್ರಮದ ಬಗ್ಗೆ ಸಾಕ್ಷ್ಯಚಿತ್ರ ಹಾಕಿದಾಗ. ತಡೆಯಲಾರದ ಶ್ರಮಕ್ಕೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿತ್ತು. ಕಿಡ್ನಿಯನ್ನೇ ಕೆಡಿಸುವ ಸಮಸ್ಯೆ ಅದು. ಜೀವಕ್ಕೇ ಕುತ್ತು ಬಂದಿತ್ತು. ಈಗ ವಯಸ್ಸಾದ ಮುಖದಲ್ಲಿ ಕ್ಯಾಮೆರಾ ಮುಂದೆ ಕೂತು ಅವಳೇ ಹೇಳುತ್ತಿದ್ದಳು. ಮಗಳು ನನ್ನ ಪಕ್ಕ ಕೂತಿದ್ದಳು, ಅವಳಿಗೀಗ ಹದಿನೇಳು. “ಇದನ್ನ ಜನ ನಿಜವಾಗ್ಲೂ ನೋಡ್ತಿದ್ರಾ ಅಪ್ಪ?” ಅಂದಳು. ನಾನು ರಿಮೋಟ್ ಹುಡುಕುವ ಹಾಗೆ ಮಾಡಿದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು, “ಚಿಪ್ಸ್ ತಿನ್ಕೊಂಡು.”

ಹೋದ ತಿಂಗಳು ವರ್ಷದ ಚೆಕಪ್ಪಿಗೆ ಕ್ಲಿನಿಕ್ಕಿಗೆ ಹೋಗಿದ್ದೆ. ಉಡಿದಾರ ಮತ್ತೆ ಸೊಂಟಕ್ಕೆ ಬಂದು ವರ್ಷಗಳಾಗಿವೆ. ಹೋದ ಸಲ ಊರಿಗೆ ಹೋದಾಗ ನಾಲ್ಕು ಕೊಂಡಿ ಹೊಸದಾಗಿ ಸೇರಿಸಿಕೊಂಡು ಬಂದೆ. ಅಕ್ಕಸಾಲಿಗರು ಬೆಳ್ಳಿಯನ್ನು ತೂಗಿದರು, ನನ್ನನ್ನು ನೋಡಲಿಲ್ಲ. ಕ್ಲಿನಿಕ್‌ನ ನರ್ಸ್ ತೂಕದ ಮಿಷನ್ ತೋರಿಸಿದಾಗ ನಾನು ಅಭ್ಯಾಸ ಬಲದಿಂದ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದೆ. ಬೇಡ, ಹಾಗೇ ಹತ್ತಿ ಅಂದಳು. ನಂಬರ್ ನೋಡಬೇಕಾ ಅಂತಲೂ ಕೇಳಿದಳು. ಬೇಡ ಅಂದೆ. ಗೋಡೆ ಕಡೆ ತಿರುಗಿ ನಿಂತೆ, ಬೂಟು, ಬೆಲ್ಟು, ಫೋನು, ಕೀ ಎಲ್ಲಾ ಇಟ್ಟುಕೊಂಡು. ಹಿಂದೆ ಅವಳು ಬರೆದುಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಬಿಪಿ ನೋಡಲು ಅಂಗಿ ತೋಳು ಮಡಿಸಿ ಅಂದಳು.